ಕಬ್ಬಿನ ಸೀಮೆಯಿಂದ ಚೀನಿ ಓದಿನ ಕಡೆಗೆ

ಇಮ್ಮಡಿ ಪುಲಿಕೇಶಿಯ ವೀರರು ಯುದ್ಧಕ್ಕೆ ಮುನ್ನ ಮದ್ಯ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ಸೋತು ಬಂದ ದಂಡನಾಯಕನಿಗೆ ಬೇರೆ ದಂಡನೆ ವಿಧಿಸದೆ ಹೆಂಗಸರ ಉಡುಪು ಕೊಡುತ್ತಿದ್ದರು. ಉತ್ತರವನ್ನೆಲ್ಲ ಗೆದ್ದ ಹರ್ಷನಿಗೆ ಈ ಜನರನ್ನು ಮಾತ್ರ ಮಣಿಸಲಾಗಲಿಲ್ಲ. ಇವು ಕನ್ನಡ ಶಾಲೆಯಲ್ಲಿ ಓದಿದ ಬಹುತೇಕರಿಗೆ ಗೊತ್ತಿರುವ ಸಂಗತಿಗಳು. ಹರ್ಷನ ಸೋಲಿಗೆ ನಮ್ಮದೇ ಸಾಕ್ಷಿಯಿದೆ: 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅದನ್ನು ಹಾಡಿ ಹೊಗಳಿದ್ದಾನೆ. ಆದರೆ ಆಸ್ಥಾನದ ಕವಿ ತನ್ನ ದೊರೆಯನ್ನು ಹೊಗಳಿದ್ದನ್ನು ಚರಿತ್ರೆ ಹಾಗೆಯೇ ನಂಬುವುದಿಲ್ಲ. ಹೊರಗಿನವನೊಬ್ಬ, ಅದೂ ಹರ್ಷನ ಸತ್ಕಾರ ಪಡೆದವನು, ಅದೇ ಮಾತನ್ನು ಬರೆದಿಟ್ಟದ್ದರಿಂದ ಅದಕ್ಕೆ ತೂಕ ಬಂತು. ಆ ಹೊರಗಿನವನು ಸುಮಾರು 641ರಲ್ಲಿ ಈ ಕಡೆ ಬಂದುಹೋದ ಹ್ಯುಯೆನ್ ತ್ಸಾಂಗ್. ಅವನು ಬರೆಸಿದ್ದು ಚೀನಿಯಲ್ಲಿ, 646ರಲ್ಲಿ. ನಾವು ಓದುತ್ತಿರುವುದು ಅದರ ಇಂಗ್ಲಿಷ್ ಅನುವಾದದ ಕನ್ನಡ ಸಾರಾಂಶ, ಕೆಲವೊಮ್ಮೆ ಸಾರಾಂಶದ ಸಾರಾಂಶ. ಕನ್ನಡ ನಾಡಿನ ಮೊದಲ ದೊಡ್ಡ ಸಾಮ್ರಾಜ್ಯದ ಬಗೆಗಿನ ಅತ್ಯಮೂಲ್ಯವಾದ ಹೊರಗಿನ ಸಾಕ್ಷ್ಯವನ್ನು ಅದರ ಮೂಲದಲ್ಲಿ ಓದುವ ಪರಂಪರೆ ನಮ್ಮ ಇತಿಹಾಸ ವಿಭಾಗಗಳಲ್ಲಿ ಬೆಳೆಯಲೇ ಇಲ್ಲ.

ಈ ಉಪನ್ಯಾಸದ ವಾದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚೀನಿ ಭಾಷೆ, ಸಂಸ್ಕೃತಿ, ಸಮಾಜಗಳ ಸ್ನಾತಕೋತ್ತರ ಅಧ್ಯಯನವೆಂದರೆ ರಾಯಭಾರಿಗಳಿಗೂ ದುಭಾಷಿಗಳಿಗೂ ಮೀಸಲಾದ ದಿಲ್ಲಿಯ ವಿದ್ಯೆ ಎಂದು ಭಾವಿಸಿ ನಾವು ಅದರ ಕಡೆಗೆ ತಿರುಗಿ ನೋಡಿಲ್ಲ. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳಲ್ಲಿ ಹುಟ್ಟುವ ಪ್ರಶ್ನೆಗಳಿಗೆ, ಚರಿತ್ರೆಯವೂ ಇರಲಿ ಹೊಲದವೂ ಇರಲಿ, ಬೇಕಾದ ಸಾಮಗ್ರಿಯ ಒಂದು ಪಾಲು ಚೀನಿಯಲ್ಲಿದೆ. ಆದ್ದರಿಂದ ಆ ಓದು ಇಲ್ಲಿನ ಪ್ರಶ್ನೆಯನ್ನು ಕಟ್ಟಿಕೊಂಡೇ ಹೊರಡಬೇಕು, ಅದರ ಫಲ ಕನ್ನಡಕ್ಕೆ ನೇರವಾಗಿ ಬರಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಸ್ನಾತಕೋತ್ತರ ವಿಭಾಗಗಳಿವೆ. ಅಲ್ಲಿ ನಾಳೆಯೇ ಚೀನಿ ವಿಭಾಗ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕೃಷಿ ಓದುತ್ತಿರುವ ನೂರಾರು ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಚೀನಿಯನ್ನು ತಮ್ಮ ವಿಷಯದ ಜೊತೆಗೆ ಹಿಡಿಯಬೇಕು ಎಂಬಷ್ಟೇ ನನ್ನ ಬೇಡಿಕೆ.

ಇಂಗ್ಲಿಷ್ ಅನುವಾದ ಇರುವಾಗ ಮೂಲವೇಕೆ ಎಂಬ ಆಕ್ಷೇಪ ಮೊದಲು ಬರುತ್ತದೆ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಹ್ಯುಯೆನ್ ತ್ಸಾಂಗನ ಗ್ರಂಥ 1857–58ರಲ್ಲಿ ಜ್ಯೂಲಿಯನ್‌ನಿಂದ ಫ್ರೆಂಚಿಗೆ, 1884ರಲ್ಲಿ ಬೀಲ್‌ನಿಂದ ಇಂಗ್ಲಿಷಿಗೆ ಬಂತು. ಬೀಲ್ ತಪ್ಪಿದ ಕಡೆಗಳನ್ನು ವಾಟರ್ಸ್ ಎತ್ತಿ ತೋರಿಸಿದ, ಅವನ ಪುಸ್ತಕ ಅವನು ತೀರಿಕೊಂಡ ಮೇಲೆ 1904–05ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಬೀಲ್‌ನ ಪಾಠ ನಮ್ಮ ಪುಸ್ತಕಗಳಲ್ಲಿ ಬೇರೂರಿತ್ತು. ಪುಲಿಕೇಶಿಯ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿಯಿದೆ ಎಂಬ ಒಂದು ಮಾತು ಆ ವರ್ಣನೆಯಲ್ಲಿ ಬರುತ್ತದೆ. ಬಾದಾಮಿಗೆ ಅದು ಹೊಂದುವುದಿಲ್ಲವಾದ್ದರಿಂದ, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಫ್ಲೀಟ್ ಯಾತ್ರಿಕ ಕಂಡ ಊರು ನಾಸಿಕ ಎಂದ. ಹ್ಯುಯೆನ್ ತ್ಸಾಂಗ್ ಕೊಂಕಣಪುರ ಎಂದು ಕರೆದ ನಗರ ಬನವಾಸಿಯೋ ಆನೆಗೊಂದಿಯೋ ಎಂಬ ಚರ್ಚೆಯೂ ಹಾಗೆಯೇ ಉಳಿದಿದೆ. ಆ ನಗರದ ಉತ್ತರ ದಿಕ್ಕಿಗೆ ತಾಳೆಯ ಮರಗಳ ಕಾಡಿತ್ತು, ಅವುಗಳ ಗರಿಯನ್ನು ಬರೆಯಲು ಬಳಸುತ್ತಿದ್ದರು ಎಂಬ ವಿವರ ಅಲ್ಲಿದೆ. ದೂರವನ್ನು ಅವನು ಲಿ ಎಂಬ ಅಳತೆಯಲ್ಲಿ ಹೇಳಿದ್ದಾನೆ, ದಿಕ್ಕನ್ನು ಸ್ಥೂಲವಾಗಿ ಹೇಳಿದ್ದಾನೆ. ಹಸ್ತಪ್ರತಿಗಳ ನಡುವೆ ಪಾಠಭೇದಗಳಿವೆ. ಪೀಕಿಂಗ್ ವಿಶ್ವವಿದ್ಯಾಲಯದ ಸಂಸ್ಕೃತ ವಿದ್ವಾಂಸ ಜಿ ಶ್ಯೆನ್‌ಲಿನ್ ತಮ್ಮ ಸಂಗಡಿಗರೊಂದಿಗೆ ಆ ಪಾಠಭೇದಗಳನ್ನೆಲ್ಲ ಕೂಡಿಸಿ, ಟಿಪ್ಪಣಿ ಬರೆದು 1985ರಲ್ಲಿ ಪ್ರಕಟಿಸಿದರು. ನಮ್ಮ ರಾಜಧಾನಿಯ ಬಗ್ಗೆ ನಡೆದ ವಾದವನ್ನು ಮುಂದುವರಿಸಬೇಕಾದರೆ ಆ ಸಂಪುಟವನ್ನು ಓದಬಲ್ಲವರು ನಮ್ಮಲ್ಲಿರಬೇಕು. ಇಲ್ಲದಿದ್ದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಅನುವಾದದ ಮೇಲೆ ಇಂದಿಗೂ ವಾದ ಹೂಡುತ್ತ ಕೂಡಬೇಕಾಗುತ್ತದೆ.

ಇನ್ನೊಂದು ಉಲ್ಲೇಖವಿದೆ, ಪುಲಿಕೇಶಿಯ ಪ್ರಸಂಗದಷ್ಟು ಹೆಸರಾಗದ್ದು. 945ರಲ್ಲಿ ಸಂಕಲಿತವಾದ ತಾಂಗ್ ವಂಶದ ಹಳೆಯ ಇತಿಹಾಸದಲ್ಲಿ, ಸಾಮ್ರಾಜ್ಞಿ ವೂ ಆಳುತ್ತಿದ್ದ ಕಾಲಕ್ಕೆ, ಎಂದರೆ 690ರ ದಶಕದ ಆರಂಭದಲ್ಲಿ, ಭಾರತದ ಐದು ದಿಕ್ಕುಗಳ ಅರಸರಿಂದ ಕಾಣಿಕೆ ಬಂತೆಂದು ಬರೆದಿದೆ. ದಕ್ಷಿಣದ ಅರಸನ ಹೆಸರಿಗೆ ಬಳಸಿದ ಚೀನಿ ಅಕ್ಷರಗಳನ್ನು ಆ ಕಾಲದ ಉಚ್ಚಾರಣೆಯಲ್ಲಿ ಓದಿದರೆ ಚಾಲುಕ್ಯ ವಲ್ಲಭ ಎಂದಾಗುತ್ತದೆ. ಆಗ ಆಳುತ್ತಿದ್ದವನು ವಿನಯಾದಿತ್ಯ. ಇಂದಿನ ಚೀನಿ ಉಚ್ಚಾರಣೆಯಲ್ಲಿ ಓದಿದರೆ ಆ ಹೆಸರು ಯಾರಿಗೂ ಗುರುತು ಸಿಗಲಾರದು. ಏಳನೆಯ ಶತಮಾನದಲ್ಲಿ ಚೀನಿಯನ್ನು ಹೇಗೆ ಉಚ್ಚರಿಸಲಾಗುತ್ತಿತ್ತು ಎಂಬುದನ್ನು ಕಲಿತವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ, ಮತ್ತು ಆ ಕಲಿಕೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನಲ್ಲಿ ದಕ್ಕುವಂಥದ್ದಲ್ಲ. ಸ್ನಾತಕೋತ್ತರ ಮಟ್ಟ ಎಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕಾಗಿ. ವಿನಯಾದಿತ್ಯನ ರಾಯಭಾರಿಗಳು ನಿಜಕ್ಕೂ ಹೋಗಿದ್ದರೋ, ವರ್ತಕರು ರಾಜನ ಹೆಸರು ಹೇಳಿಕೊಂಡು ಹೋಗಿದ್ದರೋ ಎಂಬುದು ಬಿಡಿಸಬೇಕಾದ ಪ್ರಶ್ನೆ. ಚೀನೀ ದರ್ಬಾರು ಬಂದವರನ್ನೆಲ್ಲ ಕಪ್ಪ ತಂದವರೆಂದೇ ದಾಖಲಿಸುವ ರೂಢಿಯದ್ದು ಎಂಬ ಎಚ್ಚರವೂ ಬೇಕು.

ಆದರೆ ರಾಜರ ಕಥೆಗಿಂತ ಈ ಸೀಮೆಗೆ ಹತ್ತಿರವಾದದ್ದು ಕಬ್ಬು. ಉಗಾರದ ಕಾರ್ಖಾನೆ 1939ರಷ್ಟು ಹಳೆಯದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಸಹಕಾರಿ ಕಾರ್ಖಾನೆ, ಇವೆಲ್ಲ ಈ ಭಾಗದ ರಾಜಕಾರಣವನ್ನೂ ಸಂಸಾರವನ್ನೂ ನಡೆಸಿದ ಸಂಸ್ಥೆಗಳು. ಕಬ್ಬಿನ ರಸವನ್ನು ಹರಳಾಗಿಸುವ ವಿದ್ಯೆ ಭಾರತದಿಂದ ಚೀನಾಕ್ಕೆ ಹೋದ ಬಗೆಗೆ ಅತ್ಯಂತ ಖಚಿತವಾದ ದಾಖಲೆಗಳು ಚೀನಿಯಲ್ಲಿವೆ. 647ರಲ್ಲಿ ತಾಂಗ್ ಚಕ್ರವರ್ತಿ ತೈಜುಂಗ್ ಸಕ್ಕರೆ ಮಾಡುವ ವಿಧಾನ ತಿಳಿದು ಬರಲು ಮಗಧಕ್ಕೆ ಜನರನ್ನು ಕಳಿಸಿದ. ಯಾಂಗ್‌ಜೌ ಪ್ರಾಂತದಿಂದ ಕಬ್ಬು ತರಿಸಿ ಹಿಂಡಿಸಿದ. ಬಂದ ಸಕ್ಕರೆ ಪಶ್ಚಿಮ ದೇಶಗಳದ್ದಕ್ಕಿಂತ ಬಣ್ಣದಲ್ಲೂ ರುಚಿಯಲ್ಲೂ ಮೇಲಾಯಿತು ಎಂದು ಅಲ್ಲಿನ ಇತಿಹಾಸಕಾರ ಹೆಮ್ಮೆಯಿಂದ ಬರೆದಿದ್ದಾನೆ. ಬೌದ್ಧ ಭಿಕ್ಷುಗಳ ಚರಿತ್ರೆಯೊಂದು ಇನ್ನೂ ಮುಂದೆ ಹೋಗಿ, ಬೋಧಗಯೆಯ ವಿಹಾರದಿಂದ ಇಬ್ಬರು ಕಸುಬುದಾರರೂ ಎಂಟು ಭಿಕ್ಷುಗಳೂ ಚೀನಾಕ್ಕೆ ಹೋದರು ಎನ್ನುತ್ತದೆ. ರಾಜಾಜ್ಞೆ, ರಾಯಭಾರ, ವಿಹಾರ, ಕಸುಬು ಎಲ್ಲವೂ ಒಂದೇ ಎಳೆಯಲ್ಲಿ ಬರುವ ಇಂಥ ದಾಖಲೆ ನಮ್ಮ ಭಾಷೆಗಳಲ್ಲಿ ಸಕ್ಕರೆಯ ಬಗ್ಗೆ ಸಿಗುವುದು ಕಷ್ಟ. ಗಾಣದ ಸದ್ದು ನಮ್ಮ ಕವಿಗಳ ಕಿವಿಗೆ ಬಿದ್ದಿದೆ. ಗಾಣ ಹೂಡಿದವನ ಲೆಕ್ಕ ಬರೆದಿಡುವ ಅಭ್ಯಾಸ ನಮಗೆ ಕಡಿಮೆ.

ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿ, 1908ರಲ್ಲಿ ಫ್ರೆಂಚ್ ವಿದ್ವಾಂಸ ಪೆಲಿಯೊ ಕೊಂಡೊಯ್ದು ಈಗ ಪ್ಯಾರಿಸ್ಸಿನಲ್ಲಿರುವ ಕಾಗದಗಳಲ್ಲಿ ಒಂದು ಚಿಕ್ಕ ತುಣುಕು ಇದಕ್ಕಿಂತ ಸೋಜಿಗದ್ದು. ಜಿ ಶ್ಯೆನ್‌ಲಿನ್ 1982ರಲ್ಲಿ ಅದರ ಬಗ್ಗೆ ದೀರ್ಘ ಲೇಖನ ಬರೆದರು. ಭಾರತದಲ್ಲಿ ಮೂರು ಬಗೆಯ ಕಬ್ಬು ಬೆಳೆಯುತ್ತದೆ ಎಂದು ಅದು ಆರಂಭವಾಗುತ್ತದೆ. ಎಂಟು ಅಡಿ ಎತ್ತರ ಬೆಳೆಯುವ ಮೊದಲನೆಯದು ಸಕ್ಕರೆಗೆ ಅಷ್ಟು ಒಳ್ಳೆಯದಲ್ಲ, ಅದಕ್ಕಿಂತ ಒಂದೆರಡು ಅಡಿ ಗಿಡ್ಡದಾದ ಎರಡನೆಯದರಿಂದ ಎಲ್ಲಕ್ಕಿಂತ ಉತ್ತಮ ಹರಳು ಬರುತ್ತದೆ, ಮೂರನೆಯದೂ ಒಳ್ಳೆಯದೇ. ಸುಳಿ, ರವದಿ ತೆಗೆದು ಗೇಣಿಗಿಂತ ಚಿಕ್ಕ ತುಂಡು ಮಾಡಬೇಕು, ಎತ್ತು ಎಳೆಯುವ ಮರದ ಗಾಣದಲ್ಲಿ ಹಿಂಡಬೇಕು, ರಸವನ್ನು ಹದಿನೈದು ಪಾತ್ರೆಗಳಲ್ಲಿ ಕಾಯಿಸಬೇಕು. ಬರೆದವನು ಪಂಡಿತನಲ್ಲ, ತಪ್ಪು ಅಕ್ಷರಗಳು ತುಂಬಿವೆ. ಯಾರೋ ಕಂಡದ್ದನ್ನೋ ಕೇಳಿದ್ದನ್ನೋ ಟಿಪ್ಪಣಿ ಮಾಡಿಕೊಂಡಂತಿದೆ. ಎತ್ತರದ ಕಬ್ಬು ತೂಕಕ್ಕೆ, ಗಿಡ್ಡದ್ದು ಸಕ್ಕರೆಯ ಇಳುವರಿಗೆ ಎಂಬ ತಕರಾರು ಇಂದೂ ರೈತನಿಗೂ ಕಾರ್ಖಾನೆಗೂ ನಡುವೆ ನಡೆದೇ ಇದೆ. ಕೊ 86032 ತಳಿ ನಮ್ಮ ಭಾಗದಲ್ಲಿ ಇಷ್ಟು ಹಬ್ಬಿದ್ದು ಎರಡನ್ನೂ ಒಂದಿಷ್ಟು ಹೊಂದಿಸಿಕೊಟ್ಟದ್ದರಿಂದ. ಜಿ ಅವರು ಇಷ್ಟಕ್ಕೆ ನಿಲ್ಲಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಚೀನಾದ ವೈದ್ಯಗ್ರಂಥ, ಊರು-ಪ್ರಾಂತಗಳ ವರದಿ, ಪ್ರವಾಸ ಕಥನಗಳನ್ನೆಲ್ಲ ಜಾಲಾಡಿ ಸಕ್ಕರೆಯ ಚರಿತ್ರೆಯೊಂದನ್ನು ಬರೆದರು. ರಾಮಾಯಣವನ್ನು ಸಂಸ್ಕೃತದಿಂದ ಚೀನಿಗೆ ತಂದದ್ದೂ ಅವರೇ. ಗಾಣದಿಂದ ಕಾರ್ಖಾನೆಗೆ ಬಂದ ಈ ಸೀಮೆಯ ಕಥೆ ಬರೆಯುವವರು ಓದಲೇಬೇಕಾದ ಪುಸ್ತಕ ಅದು. ಚೀನಾದ ವಿಜ್ಞಾನ ಚರಿತ್ರೆಯ ನೀಡ್‌ಹ್ಯಾಮ್ ಮಾಲಿಕೆಯಲ್ಲಿ 1996ರಲ್ಲಿ ಬಂದ ಕೃಷಿ ಉದ್ಯಮಗಳ ಸಂಪುಟದಲ್ಲಿ ಚೀನಾದ ಸಕ್ಕರೆಯ ಬಗ್ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಇದೆ, ಒಪ್ಪುತ್ತೇನೆ. ಆದರೆ ಅಲ್ಲಿನ ಪ್ರಶ್ನೆ ಚೀನಾದ್ದು: ವಿದ್ಯೆ ಚೀನಾಕ್ಕೆ ಹೇಗೆ ಬಂತು? ಅದು ಹೊರಟ ಕಡೆ ಏನಾಯಿತು, ದಖ್ಖನದ ಗಾಣಕ್ಕೂ ಮಗಧದ ಗಾಣಕ್ಕೂ ವ್ಯತ್ಯಾಸವೇನಿತ್ತು ಎಂದು ಅದೇ ಸಾಮಗ್ರಿಯನ್ನು ಕೇಳಬೇಕಾದವರು ನಾವು. ಅನುವಾದಕ ತನ್ನ ಪ್ರಶ್ನೆಗೆ ಬೇಕಾದದ್ದನ್ನು ಅನುವಾದಿಸುತ್ತಾನೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಅವನು ಬಿಟ್ಟ ಪುಟದಲ್ಲಿರಬಹುದು.

ಪುಣೆಯ ಫರ್ಗ್ಯುಸನ್ ಕಾಲೇಜಿನ ಪಿ.ವಿ. ಬಾಪಟ ಅವರು ಚೀನಿ ಕಲಿತದ್ದು ಇಂಥದೇ ಒಂದು ಒತ್ತಾಯದಿಂದ. ವಿಮುತ್ತಿಮಗ್ಗ ಎಂಬ ಬೌದ್ಧಗ್ರಂಥದ ಪಾಲಿ ಮೂಲ ಕಳೆದುಹೋಗಿತ್ತು, ಆರನೆಯ ಶತಮಾನದ ಚೀನಿ ಅನುವಾದ ಉಳಿದಿತ್ತು. ಅದನ್ನು ಬುದ್ಧಘೋಷನ ವಿಸುದ್ಧಿಮಗ್ಗದೊಂದಿಗೆ ಹೋಲಿಸಿ 1937ರಲ್ಲಿ ಅವರು ಪ್ರಕಟಿಸಿದ ಅಧ್ಯಯನವನ್ನು ಆ ಕ್ಷೇತ್ರ ಇಂದಿಗೂ ಕೈಬಿಟ್ಟಿಲ್ಲ. ಅದೇ 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಿ ಓದಿಗೆಂದೇ ಚೀನಾ ಭವನ ಆರಂಭವಾಯಿತು. ನಿಪ್ಪಾಣಿಯವರಿಗೆ ಪುಣೆ ಪರಕೀಯ ಊರೇನಲ್ಲ. ಕನ್ನಡದಲ್ಲಿ ನಮಗೆ ಚೀನಾ ಬಂದದ್ದು ಬೇರೆ ಹಾದಿಯಿಂದ: ಲಾವ್‌ತ್ಸೆಯನ್ನು ಯು.ಆರ್. ಅನಂತಮೂರ್ತಿಯವರು ‘ದಾವ್ ದ ಜಿಂಗ್’ ಎಂದು ಕನ್ನಡಿಸಿದರು, ಲು ಶುನ್‌ನ ಕಥೆಗಳನ್ನು ಓದಿದೆವು, ಎಲ್ಲವೂ ಇಂಗ್ಲಿಷಿನ ಮೂಲಕ. ಕವಿಯ ಕೈಯಲ್ಲಿ ಆ ಹಾದಿಯೂ ಫಲ ಕೊಟ್ಟಿದೆ. ಚರಿತ್ರೆ, ಸಮಾಜ, ಬೇಸಾಯದ ವಿಷಯದಲ್ಲಿ ಅದು ಸಾಲದು.

ಇನ್ನು ಇಂದಿನ ಹೊಲಕ್ಕೆ ಬರೋಣ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಧರಣಿ ಕುಳಿತದ್ದು, ಕಡೆಗೆ ಸರ್ಕಾರ 3,300ಕ್ಕೆ ಗಂಟು ಹಾಕಿದ್ದು ಎಲ್ಲರಿಗೂ ನೆನಪಿದೆ. ಇದಕ್ಕೆ ಹೋಲಿಸಿ ನೋಡಬಹುದಾದ ಸೀಮೆಯೊಂದು ಚೀನಾದಲ್ಲಿದೆ. ಆ ದೇಶದ ಸಕ್ಕರೆಯಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಗ್ವಾಂಗ್‌ಶಿ ಎಂಬ ಒಂದೇ ಪ್ರಾಂತದಿಂದ ಬರುತ್ತದೆ. ಅಲ್ಲಿಯೂ ತುಂಡು ಹಿಡುವಳಿ, ಅಲ್ಲಿಯೂ ಕೈಯಿಂದ ಕಡಿತ, ಅಲ್ಲಿಯೂ ಇಂತಿಷ್ಟು ಪ್ರದೇಶದ ಕಬ್ಬು ಇಂಥ ಕಾರ್ಖಾನೆಗೇ ಎಂಬ ಕಟ್ಟು ಬಹುಕಾಲ ನಡೆಯಿತು. ಸಕ್ಕರೆಯ ದರ ಏರಿದರೆ ರೈತನಿಗೆ ಎರಡನೆಯ ಕಂತು ಸಿಗುವಂತೆ ಕಬ್ಬಿನ ದರವನ್ನು ಸಕ್ಕರೆ ದರಕ್ಕೆ ಬೆಸೆದ ಪದ್ಧತಿಯನ್ನು ಅವರು ವರ್ಷಗಟ್ಟಲೆ ನಡೆಸಿದರು. 2019ರಲ್ಲಿ ಸರ್ಕಾರ ದರ ಗೊತ್ತುಮಾಡುವುದನ್ನು ಕೈಬಿಟ್ಟು ಕಾರ್ಖಾನೆ-ರೈತರ ಕರಾರಿಗೆ ಬಿಟ್ಟಿತು. ಬಿಟ್ಟ ಮೇಲೆ ರೈತನಿಗೆ ಏನಾಯಿತು? ಐವತ್ತು ಲಕ್ಷ ಮೂ ಭೂಮಿಯಲ್ಲಿ, ಎಂದರೆ ಮೂರೂಕಾಲು ಲಕ್ಷ ಹೆಕ್ಟೇರಿಗಿಂತ ಹೆಚ್ಚು ಜಾಗದಲ್ಲಿ, ಹೆಚ್ಚು ಇಳುವರಿ ಹೆಚ್ಚು ಸಕ್ಕರೆಯ ಕಬ್ಬು ಬೆಳೆಸಲು ಹಾಕಿಕೊಂಡ ಯೋಜನೆಯಲ್ಲಿ ತುಂಡು ಹೊಲಗಳನ್ನು ಹೇಗೆ ಕೂಡಿಸಿದರು, ಯಾರು ಒಪ್ಪಲಿಲ್ಲ? ಇದರ ವಿವರ ನಾನ್‌ನಿಂಗ್ ನಗರದ ಪತ್ರಿಕೆಗಳಲ್ಲಿ, ಪ್ರಾಂತದ ವಾರ್ಷಿಕ ವರದಿಗಳಲ್ಲಿ, ಅಲ್ಲಿನ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಚೀನಿಯಲ್ಲಿದೆ. ನಮ್ಮ ಹೋರಾಟಗಾರರೂ ಕಾರ್ಖಾನೆಯ ಆಡಳಿತ ಮಂಡಳಿಗಳೂ ಬ್ರೆಜಿಲ್ಲಿನ ಲೆಕ್ಕ ಹೇಳುತ್ತಾರೆ, ಏಕೆಂದರೆ ಅದು ಇಂಗ್ಲಿಷಿನಲ್ಲಿ ಸಿಗುತ್ತದೆ. ಬ್ರೆಜಿಲ್ಲಿನ ಸಾವಿರಾರು ಎಕರೆಯ ತೋಟಕ್ಕೂ ರಾಯಬಾಗದ ಎರಡೆಕರೆಗೂ ಯಾವ ಹೋಲಿಕೆ? ಗ್ವಾಂಗ್‌ಶಿಯ ರೈತ ಎಷ್ಟೋ ಹತ್ತಿರದವನು.

ಕಬ್ಬು ಕಡಿಯಲು ಬರುವವರ ವಿಷಯವೂ ಹೀಗೆಯೇ. ಬೀಡದಿಂದ, ವಿಜಯಪುರದ ತಾಂಡಾಗಳಿಂದ ಮುಕಾದಮನ ಮುಂಗಡ ಹಿಡಿದು ಬರುವ ಗ್ಯಾಂಗುಗಳ ಮಕ್ಕಳು ಸುಗ್ಗಿ ಮುಗಿಯುವವರೆಗೆ ಶಾಲೆಯಿಂದ ಹೊರಗಿರುತ್ತಾರೆ, ಇಲ್ಲವೆ ಅಜ್ಜ-ಅಜ್ಜಿಯರ ಬಳಿ ಊರಲ್ಲಿ ಉಳಿಯುತ್ತಾರೆ. 1958ರ ಕಾಯ್ದೆಯಿಂದ ಹಳ್ಳಿಯವನನ್ನು ಹಳ್ಳಿಯ ದಾಖಲೆಗೇ ಕಟ್ಟಿಹಾಕಿದ ಚೀನಾದಲ್ಲಿ, ದುಡಿಯಲು ಪಟ್ಟಣಕ್ಕೆ ಹೋದ ತಂದೆತಾಯಿಯರ ಹಿಂದೆ ಊರಲ್ಲುಳಿದ ಮಕ್ಕಳು 6.1 ಕೋಟಿ ಎಂದು ಅಲ್ಲಿನ ಮಹಿಳಾ ಒಕ್ಕೂಟ 2013ರಲ್ಲಿ ಅಂದಾಜು ಮಾಡಿತು. ಆ ಮಕ್ಕಳ ಬಗ್ಗೆ ಚೀನಿಯಲ್ಲಿ ಬಂದಿರುವ ಸಮೀಕ್ಷೆ, ಕಾದಂಬರಿ, ಶಿಕ್ಷಕರ ಬರಹಗಳ ರಾಶಿಯೇ ಇದೆ. ತಂಬಾಕಿಗೂ ಇಂಥದೇ ಹೋಲಿಕೆಯಿದೆ. ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ದರಕ್ಕಾಗಿ ಹೆದ್ದಾರಿ ತಡೆದು ಗುಂಡೇಟು ತಿಂದರು. ಮರುವರ್ಷವೇ ಚೀನಾದಲ್ಲಿ ಇಡೀ ತಂಬಾಕು ಖರೀದಿಯನ್ನು ಒಂದೇ ಸರ್ಕಾರಿ ನಿಗಮದ ಕೈಗೆ ಕೊಡಲಾಯಿತು. ಸರ್ಕಾರವೇ ಏಕೈಕ ಗಿರಾಕಿಯಾದರೆ ಬೆಳೆಗಾರನಿಗೆ ಸುಖವೇ ಎಂಬ ಪ್ರಶ್ನೆಗೆ ಯುನ್ನಾನ್ ಪ್ರಾಂತದಲ್ಲಿ ನಲವತ್ತು ವರ್ಷಗಳ ಉತ್ತರವಿದೆ, ಅದರಲ್ಲಿ ಸಿಹಿಗಿಂತ ಕಹಿ ಹೆಚ್ಚೆಂದು ನನ್ನ ಊಹೆ. ಅಥಣಿ-ಕಾಗವಾಡದ ದ್ರಾಕ್ಷಿಯವರು ಚೀನಾದ ಮನೂಕ ಸುಂಕ ತಪ್ಪಿಸಿ ಒಳಬರುತ್ತಿದೆ ಎಂಬ ದೂರನ್ನು 2025ರಲ್ಲಿ ಕೇಳಿದ್ದಾರೆ. ಅದು ಬೆಳೆಯುವ ಮುಖ್ಯ ಜಾಗ ಶಿನ್‌ಜಿಯಾಂಗಿನ ತುರ್ಫಾನ್, ಹ್ಯುಯೆನ್ ತ್ಸಾಂಗ್ ಭಾರತಕ್ಕೆ ಹೊರಟಾಗ ತಂಗಿದ ಗಾವ್‌ಚಾಂಗ್ ಇರುವ ತಗ್ಗು. ಬೀಜವಿಲ್ಲದ, ನಮ್ಮ ಥಾಮ್ಸನ್ ಕುಲದ್ದೇ ಆದ ಹಣ್ಣನ್ನು ಅಲ್ಲಿ ತೂತುಗೋಡೆಯ ಮಣ್ಣಿಟ್ಟಿಗೆಯ ಮನೆಗಳಲ್ಲಿ ಬಿಸಿಗಾಳಿಗೆ ಒಣಗಿಸುತ್ತಾರೆ. ಇಲ್ಲಿ ಎಣ್ಣೆ-ಪೊಟ್ಯಾಷ್ ದ್ರಾವಣದಲ್ಲಿ ಅದ್ದಿ ಜಾಲರಿಯ ಮೇಲೆ ಹರವುತ್ತಾರೆ. ಎದುರಾಳಿಯ ಬೆಳೆಯ ಲೆಕ್ಕ ಗೊತ್ತಿಲ್ಲದೆ ಸುಂಕ ಹೆಚ್ಚಿಸಿ ಎಂದಷ್ಟೇ ಕೇಳಬಹುದು.

ಚೀನಾದಲ್ಲಿ ಅಚ್ಚಾಗುವುದೆಲ್ಲ ಸರ್ಕಾರದ ಅಪ್ಪಣೆಯಿಂದ, ಅದನ್ನು ಓದಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರು ಹೇಳುವುದರಲ್ಲಿ ಅರ್ಧ ನಿಜ. ಆದರೆ 2004ರಲ್ಲಿ ಚೆನ್ ಗುಯ್‌ದಿ ಮತ್ತು ವು ಚುನ್‌ತಾವ್ ದಂಪತಿ ಆನ್‌ಹುಯಿ ಪ್ರಾಂತದ ರೈತರ ಮೇಲಿನ ತೆರಿಗೆ, ಸುಲಿಗೆ, ಹೊಡೆತಗಳನ್ನು ಹೆಸರು ಹಿಡಿದು ಬರೆದರು. ಪುಸ್ತಕವನ್ನು ಕೆಲವೇ ವಾರಗಳಲ್ಲಿ ತಡೆಹಿಡಿದರು, ಕಳ್ಳಪ್ರತಿಗಳು ಲಕ್ಷಗಟ್ಟಲೆ ಹೋದವು, 2006ರ ಜನವರಿ 1ರಿಂದ ಕೃಷಿ ತೆರಿಗೆಯೇ ರದ್ದಾಯಿತು. ಆ ಪುಸ್ತಕದಿಂದಲೇ ರದ್ದಾಯಿತು ಎನ್ನಲಾರೆ. ಆದರೆ ಆ ಸಮಾಜ ಮೂಗಸಮಾಜವಲ್ಲ. ಅದು ಏನನ್ನು ಬಾಯಿಬಿಟ್ಟು ಹೇಳುತ್ತದೆ, ಏನನ್ನು ಸುತ್ತುಬಳಸಿ ಹೇಳುತ್ತದೆ ಎಂದು ಗುರುತಿಸುವುದೇ ಸ್ನಾತಕೋತ್ತರ ಓದಿನ ಮುಖ್ಯ ಪಾಠ. ಅದಕ್ಕೆ ಸಮಾಜಶಾಸ್ತ್ರದ ಜೊತೆ ಬೇಕು. ತೈ ಸರೋವರದ ದಂಡೆಯ ರೇಷ್ಮೆ ಹಳ್ಳಿಯೊಂದರಲ್ಲಿ 1936ರಲ್ಲಿ ಅಧ್ಯಯನ ಮಾಡಿದ ಫೇ ಶಿಯಾವ್‌ತುಂಗ್, ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ, ಇಬ್ಬರೂ ಇಂಗ್ಲೆಂಡಿನಲ್ಲಿ ಪಳಗಿದವರು, ತಮ್ಮ ಜನರನ್ನೇ ಓದಿದವರು. ಫೇ 1957ರಲ್ಲಿ ಬಲಪಂಥೀಯ ಎಂಬ ಹಣೆಪಟ್ಟಿ ಹಚ್ಚಿಸಿಕೊಂಡು ಎರಡು ದಶಕ ಮೌನವಾಗಿರಬೇಕಾಯಿತು. ಶ್ರೀನಿವಾಸರು ತಮ್ಮ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸುಟ್ಟುಹೋದ ಮೇಲೆ ನೆನಪಿನಿಂದ ಹಳ್ಳಿಯನ್ನು ಬರೆದರು. ಜಾತಿ ಇರುವ ಹಳ್ಳಿ, ಕುಲ ಇರುವ ಹಳ್ಳಿ. ಈ ಎರಡನ್ನು ಪಕ್ಕಪಕ್ಕ ಇಟ್ಟು ಕನ್ನಡದಲ್ಲಿ ಬರೆದ ಪುಸ್ತಕವೊಂದು ಬಂದರೆ ನಮ್ಮ ಸಮಾಜಶಾಸ್ತ್ರಕ್ಕೆ ಹೊಸ ನೆಲ ಸಿಗುತ್ತದೆ.

ಮೊಬೈಲಿನಲ್ಲೇ ಅನುವಾದ ಸಿಗುವಾಗ ಇಷ್ಟು ಶ್ರಮವೇಕೆ ಎಂಬ ಮಾತಿಗೆ ನನ್ನ ಉತ್ತರ ಚಿಕ್ಕದು. ಸುದ್ದಿ, ಪತ್ರ, ಯಂತ್ರದ ಕೈಪಿಡಿಗೆ ಅದು ಸಾಕು, ಬಳಸಿರಿ. ತಪ್ಪು ಅಕ್ಷರ ತುಂಬಿದ ದುನ್‌ಹುವಾಂಗ್ ತುಣುಕಿನಲ್ಲಿ ಅದು ತಪ್ಪಿದ್ದನ್ನು ಹಿಡಿಯಲು ಓದಬಲ್ಲವರೇ ಬೇಕು. ಜೊತೆಗೆ, ಯಾವುದನ್ನು ಹುಡುಕಬೇಕೆಂದು ಯಂತ್ರ ಹೇಳುವುದಿಲ್ಲ.

ಗಲ್ವಾನಿನಲ್ಲಿ 2020ರ ಜೂನಿನಲ್ಲಿ ಇಪ್ಪತ್ತು ಯೋಧರು ಮಡಿದ ದೇಶ ನಮ್ಮದು, ಮನೆಮನೆಯಿಂದ ಸೈನ್ಯಕ್ಕೆ ಹೋದವರಿರುವ ಸೀಮೆ ನಮ್ಮದು. ವೈರಿಯ ಭಾಷೆ ಕಲಿಸಲು ನಮ್ಮ ವಿದ್ಯಾದತ್ತಿಗಳ ಹಣವೇ ಎಂಬ ಸಿಟ್ಟು ಸಹಜ. ರಾಷ್ಟ್ರೀಯ ಶಿಕ್ಷಣ ನೀತಿಯ 2019ರ ಕರಡಿನಲ್ಲಿದ್ದ ಚೀನಿ ಹೆಸರು 2020ರ ಅಂತಿಮ ನೀತಿಯ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಕಾಣಲಿಲ್ಲ. ಹಿಂದೆ ಹೀಗಿರಲಿಲ್ಲ. 1962ರ ಸೋಲಿನ ಬಳಿಕ, 1964ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನಿ ಅಧ್ಯಯನ ಕೇಂದ್ರ ಹುಟ್ಟಿತು. ಯುದ್ಧ ಕಲಿಸಿದ್ದು ಓದಿನ ಅಗತ್ಯವನ್ನು. ಸೈನ್ಯ ತನಗೆ ಬೇಕಾದಷ್ಟು ಚೀನಿ ಕಲಿತೇ ಕಲಿಯುತ್ತದೆ, ವ್ಯಾಪಾರಿಯೂ ಕಲಿಯುತ್ತಾನೆ. ಅವರಿಬ್ಬರ ಹೊರತು ಬೇರಾರೂ ಕಲಿಯದಿದ್ದರೆ ಆ ದೇಶದ ಬಗೆಗಿನ ನಮ್ಮ ತಿಳಿವಳಿಕೆ ಗಡಿ ಮತ್ತು ಗಿರಾಕಿಗೆ ಇಳಿದುಬಿಡುತ್ತದೆ.

ಸ್ನಾತಕೋತ್ತರ ಓದು ಬೇಕೆಂಬ ನನ್ನ ಮಾತಿಗೆ ಎದುರಾಗಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರ ಹೆಸರನ್ನು ಹೇಳುವವರಿದ್ದಾರೆ. 1938ರಲ್ಲಿ ಕಾಂಗ್ರೆಸ್ಸು ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಅವರು ಚೀನಾಕ್ಕೆ ಹೋದರು, ಯುದ್ಧದ ನಡುವೆಯೇ ಚೀನಿ ಕಲಿತು ಅದರಲ್ಲೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, 1942ರ ಡಿಸೆಂಬರ್ 9ರಂದು ಮೂವತ್ತೆರಡರ ವಯಸ್ಸಿಗೆ ಅಲ್ಲಿಯೇ ತೀರಿದರು. ಕನ್ನಡ-ಮರಾಠಿ ಬೆರೆತ ಊರಿನಿಂದ ಹೋದವರು ಯಾವ ಎಂ.ಎ. ಮಾಡಿದ್ದರು ಎಂದು ಕೇಳಬಹುದು. ಅವರ ಕಲಿಕೆ ರೋಗಿಗಳಿಗಾಗಿತ್ತು, ಅದು ಸಾರ್ಥಕವಾಯಿತು. ಆದರೆ ಚೀನಿ ಬಲ್ಲ ಅವರು ನಮಗಾಗಿ ಬರೆಯಲು ಉಳಿಯಲಿಲ್ಲ. ಅವರ ತ್ಯಾಗವನ್ನು 1946ರಲ್ಲಿ ಶಾಂತಾರಾಮರು ಸಿನಿಮಾ ಮಾಡಿದರು, ಅವರು ಕಂಡ ಚೀನಾವನ್ನು ಓದಿ ಬರೆದವರು ಈ ಕಡೆ ಯಾರೂ ಬರಲಿಲ್ಲ. ಒಬ್ಬರ ಧೈರ್ಯದಿಂದ ಆಗದ್ದು ವಿದ್ಯಾಪರಂಪರೆಯಿಂದ ಆಗಬೇಕು.

ಉದ್ಯೋಗದ ಭರವಸೆಯನ್ನು ನಾನು ಕೊಡಲಾರೆ. ಭಾಷೆಯೊಂದನ್ನೇ ಕಲಿತವನಿಗೆ ಬೆಂಗಳೂರಿನಲ್ಲಿ ಸಿಗುವುದು ಎರಡು ದೇಶಗಳ ಸಂಬಂಧ ಕೆಟ್ಟ ದಿನ ಹೋಗಬಹುದಾದ ಕೆಲಸ. ಕೃಷಿ ಅರ್ಥಶಾಸ್ತ್ರ, ಇತಿಹಾಸ, ಸಕ್ಕರೆ ತಂತ್ರಜ್ಞಾನ ಓದಿ ಅದರ ಮೇಲೆ ಚೀನಿ ಇಟ್ಟುಕೊಂಡವನ ಸ್ಥಿತಿ ಬೇರೆ, ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂಥ ಕಡೆ ಅಂಥವನೊಬ್ಬ ಇದ್ದರೆ ಉಪಯೋಗವೆಷ್ಟು ಎಂದು ವಿವರಿಸಬೇಕಿಲ್ಲ. ಶ್ರಮದ ಅಂದಾಜು ಮಾತ್ರ ಇರಲಿ: ಚೀನಾ 2021ರಲ್ಲಿ ಜಾರಿಗೆ ತಂದ ಮಾನದಂಡದಂತೆ ಒಂಬತ್ತು ಹಂತ ಮುಗಿಸಲು 3,000 ಅಕ್ಷರ, 11,092 ಪದ ಬೇಕು. ಎರಡು ವರ್ಷದ ಎಂ.ಎ.ಯನ್ನು ಅಕ್ಷರಾಭ್ಯಾಸದಿಂದ ಆರಂಭಿಸುವುದು ಮೋಸ. ಮೊದಲು ಎರಡು ವರ್ಷದ ಡಿಪ್ಲೊಮಾ, ಅನಂತರ ದಿಲ್ಲಿಯಲ್ಲೋ ಶಾಂತಿನಿಕೇತನದಲ್ಲೋ ಎಂ.ಎ., ಅದರಲ್ಲಿ ಒಂದು ವರ್ಷ ಚೀನಿ ಆಡುವ ನೆಲದಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಗಡಿಭಾಗದ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗುತ್ತದೆ ಎಂಬ ಚಿಂತೆಯನ್ನು ನಾನು ಒಪ್ಪುವುದಿಲ್ಲ. ಕನ್ನಡವೇ ಉಳಿದಿಲ್ಲ, ಚೀನಿಯೇಕೆ ಎಂಬವರಿಗೆ, ಕನ್ನಡಕ್ಕೆ ಹೊಸದನ್ನು ತಾರದೆ ಅದನ್ನು ಉಳಿಸುವ ದಾರಿ ನನಗೆ ಕಾಣುತ್ತಿಲ್ಲ.

ಯಾವ ನೆಲಕ್ಕೆ ಹೋಗಬೇಕೆಂಬುದನ್ನು ಪ್ರಶ್ನೆಯೇ ತೀರ್ಮಾನಿಸಬೇಕು. ಪುಲಿಕೇಶಿ, ವಿನಯಾದಿತ್ಯ, ದುನ್‌ಹುವಾಂಗ್ ಎನ್ನುವವರಿಗೆ ಹಳೆಯ ಪೂರ್ಣಾಕ್ಷರಗಳನ್ನು ಇಂದಿಗೂ ಬಳಸುವ ತೈವಾನ್ ಅನುಕೂಲ. ಭಾಷೆ ಕಲಿಯಲು ಹೊರದೇಶದವರಿಗೆ ಅಲ್ಲಿನ ಶಿಕ್ಷಣ ಸಚಿವಾಲಯ ಕೊಡುವ ಹುವಾಯು ವೇತನವಿದೆ. ಮೂಲ ಭೂಭಾಗದ ಸರಳಾಕ್ಷರವನ್ನು ಅವರು ಆಮೇಲೆ ಬೇಗ ಹಿಡಿಯುತ್ತಾರೆ; ತಿರುಗುಮುರುಗಾಗಿ ಕಲಿಯುವುದು ಕಷ್ಟ. ಕಬ್ಬಿನ ದರ, ಗ್ಯಾಂಗಿನ ಮಕ್ಕಳು ಎನ್ನುವವರು ನಾನ್‌ನಿಂಗಿಗೆ ಹೋಗಬೇಕು. ಐದು ವರ್ಷ ನಿಂತಿದ್ದ ನೇರ ವಿಮಾನ ಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಗಿದೆ. ಮನೂಕದ ಪ್ರಶ್ನೆ ಹಿಡಿದವರಿಗೆ ತುರ್ಫಾನಿನಲ್ಲಿ ಓಡಾಡಲು ಸದ್ಯ ಸುಲಭವಿಲ್ಲ, ಅವರು ಅಂಕಿಸಂಖ್ಯೆಯ ವಾರ್ಷಿಕಗಳಿಂದ ಆರಂಭಿಸಲಿ. ಇದಕ್ಕೆ ಹಣ ಕೊಡಬೇಕಾದ ಇಲ್ಲಿನ ದತ್ತಿಗಳ ಬಡ್ಡಿ ಚಿಕ್ಕದು ಎಂಬುದು ಗೊತ್ತಿದೆ. ಐದು ತಾಲೂಕಿನ ದತ್ತಿಗಳೂ ಸಕ್ಕರೆ ಕಾರ್ಖಾನೆಗಳ ಶಿಕ್ಷಣ ನಿಧಿಗಳೂ ಕೂಡಿಕೊಂಡರೆ ಮೂರು ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ವಸತಿ ಖರ್ಚು ಹೊರಬಹುದು. ಷರತ್ತು ಒಂದೇ ಇರಲಿ: ಪ್ರಬಂಧ ಯಾವ ಭಾಷೆಯಲ್ಲಿದ್ದರೂ ಅದರ ಕನ್ನಡ ಪುಸ್ತಕ ಎರಡು ವರ್ಷದೊಳಗೆ ಚಿಕ್ಕೋಡಿಯ ಗ್ರಂಥಾಲಯಕ್ಕೆ ಬರಬೇಕು.